ಎರಡು ದಿನ, ಎರಡು ಪುಟ್ಟ ಗುಡ್ಡ: ಮನೆಮಂದಿಯ ಮೊದಲ ಸ್ಕೀ ವಾರಾಂತ್ಯಕ್ಕೆ ಸಮಗ್ರ ಮಾರ್ಗದರ್ಶಿ

ಬಾಸ್ಟನ್ ಸುತ್ತಮುತ್ತ ಇರುವ ನಮ್ಮವರ ಮನೆಗಳಲ್ಲಿ ಜನವರಿ ಬಂತೆಂದರೆ ಒಂದು ಮಾತು ಶುರುವಾಗುತ್ತದೆ. "ಕ್ಲಾಸಲ್ಲಿ ಎಲ್ರೂ ಸ್ಕೀ ಮಾಡ್ತಾರೆ, ನಾವ್ಯಾಕೆ ಹೋಗಲ್ಲ?" ಮಕ್ಕಳ ಕಾಟ ತಡೆಯಲಾರದೆ ನಾವು ವರ್ಮಾಂಟ್‌ನ ಯಾವುದೋ ದೊಡ್ಡ ರಿಸಾರ್ಟಿನ ರೇಟು ನೋಡುತ್ತೇವೆ. ನಾಲ್ಕು ಜನರ ಟಿಕೆಟ್, ರೂಮು, ಮೂರು ಗಂಟೆ ಡ್ರೈವ್. ಲೆಕ್ಕ ಹಾಕಿ ಫೋನು ಕೆಳಗಿಡುತ್ತೇವೆ. ಅಲ್ಲಿಗೆ ಆ ವರ್ಷದ ಸ್ಕೀ ಮುಗಿಯಿತು.

ನಮ್ಮ ಮನೆಯಲ್ಲೂ ಮೂರು ಚಳಿಗಾಲ ಹೀಗೇ ಕಳೆಯಿತು. ನಾಲ್ಕನೇ ವರ್ಷ ಪಕ್ಕದ ಮನೆಯವರು ಒಂದು ಮಾತು ಹೇಳಿದರು. "ಕಲಿಯೋಕೆ ದೊಡ್ಡ ಬೆಟ್ಟ ಯಾಕೆ? ದಿನವಿಡೀ ನೀವು ಜಾರೋದು ಒಂದೇ ಪುಟ್ಟ ಇಳಿಜಾರಿನಲ್ಲಿ." ಸರಿಯಾದ ಮಾತು. ಮೊದಲ ಸಲ ಕಾಲಿಗೆ ಸ್ಕೀ, ಅಂದರೆ ಹಿಮದ ಮೇಲೆ ಜಾರುವ ಉದ್ದ ಪಟ್ಟಿ, ಹಾಕಿದವರು ದಿನವಿಡೀ ಓಡಾಡುವುದು ಬ್ಯಾಡ್ಮಿಂಟನ್ ಕೋರ್ಟಿಗಿಂತ ಸ್ವಲ್ಪ ದೊಡ್ಡ ಜಾಗದಲ್ಲಿ. ಅದಕ್ಕೆ 3000 ಅಡಿ ಬೆಟ್ಟದ ದುಡ್ಡು ಕೊಡುವುದು ದಂಡ.

ಮುಂದೆ ಹೇಳುವುದೆಲ್ಲ ಮ್ಯಾಸಚೂಸೆಟ್ಸ್ ಮತ್ತು ನ್ಯೂ ಹ್ಯಾಂಪ್‌ಶೈರ್‌ನ ಸಣ್ಣ ಗುಡ್ಡಗಳ ಲೆಕ್ಕ. ಮಕ್ಕಳಿಗೆ ಐದರಿಂದ ಹನ್ನೆರಡು ವಯಸ್ಸು, ಅಪ್ಪ ಅಮ್ಮ ಇಬ್ಬರಿಗೂ ಸ್ಕೀ ಗೊತ್ತಿಲ್ಲ ಎಂದುಕೊಂಡು ಬರೆದಿದ್ದೇನೆ.

ಯಾವ ಗುಡ್ಡ?

ನನ್ನ ಸಲಹೆ: ಶನಿವಾರ ನಶೋಬಾ ವ್ಯಾಲಿ, ಭಾನುವಾರ ವಾಚೂಸೆಟ್. ರಾತ್ರಿ ನಿಮ್ಮ ಮನೆಯಲ್ಲೇ ನಿದ್ದೆ. ಹೋಟೆಲ್ ಬೇಡ.

ನಶೋಬಾ ಇರುವುದು ವೆಸ್ಟ್‌ಫರ್ಡ್‌ನಲ್ಲಿ. ಕೆಳಗಿನಿಂದ ಮೇಲಕ್ಕೆ ಬರೀ 240 ಅಡಿ. ಹೆಚ್ಚೂಕಡಿಮೆ ಶ್ರವಣಬೆಳಗೊಳದ ಚಿಕ್ಕಬೆಟ್ಟದಷ್ಟು ಅಂದುಕೊಳ್ಳಿ. ನಗಬೇಡಿ. ಅದರ ಗುಣವೇ ಅದು. ಗುಡ್ಡದ ಬುಡದಲ್ಲಿ ಕೂರಲು, ತಿನ್ನಲು ಒಂದು ಕಟ್ಟಡ ಇರುತ್ತದೆ, ಅದೇ ಲಾಡ್ಜ್. ಅದರ ಕಿಟಕಿಯ ಪಕ್ಕ ಕೂತರೆ ಇಡೀ ಗುಡ್ಡ ಕಣ್ಣೆದುರಿಗೇ ಇರುತ್ತದೆ. ಯಾವ ಮಗು ಎಲ್ಲಿ ಬಿತ್ತು ಅಂತ ಕಾಫಿ ಕೈಯಲ್ಲಿ ಹಿಡಿದೇ ನೋಡಬಹುದು. ಹಿಮದಲ್ಲಿ ಟ್ಯೂಬ್ ಮೇಲೆ ಜಾರುವ ಜಾಗವೂ ಅಲ್ಲಿದೆ. ಸ್ಕೀ ಬೇಡವೇ ಬೇಡ ಎಂದು ಮುಖ ಊದಿಸಿಕೊಂಡ ಮಗುವಿಗೆ ಅದು ಒಳ್ಳೆ ಮದ್ದು.

ವಾಚೂಸೆಟ್ ಪ್ರಿನ್ಸ್‌ಟನ್ ಊರಿನಲ್ಲಿದೆ, ಬಾಸ್ಟನ್‌ನಿಂದ ಸುಮಾರು ಒಂದು ಗಂಟೆ. ತುದಿ ಸಮುದ್ರ ಮಟ್ಟದಿಂದ 2006 ಅಡಿ, ಸ್ಕೀ ಮಾಡುವ ಇಳಿತ 1000 ಅಡಿ. ಮೈಸೂರಿನಲ್ಲಿ ನಿಂತು ನೋಡಿದರೆ ಚಾಮುಂಡಿ ಬೆಟ್ಟ ಎಷ್ಟು ಮೇಲಿದೆ ಅನಿಸುತ್ತದೋ ಹತ್ತಿರ ಹತ್ತಿರ ಅಷ್ಟೇ. ಒಂದು ದಿನ ಕಲಿತ ಮೇಲೆ ಎರಡನೇ ದಿನಕ್ಕೆ ಇದು ಸಾಕೋ ಸಾಕು. ಕಾರಿಲ್ಲದವರು ಫಿಚ್‌ಬರ್ಗ್ ಲೈನಿನ ರೈಲು ಹಿಡಿದು ವಾಚೂಸೆಟ್ ಸ್ಟೇಷನ್‌ನಲ್ಲಿ ಇಳಿಯಬಹುದು. ಚಳಿಗಾಲದ ವಾರಾಂತ್ಯದಲ್ಲಿ ಅಲ್ಲಿಂದ ಗುಡ್ಡಕ್ಕೆ ಶಟಲ್ ಓಡಿಸುತ್ತಾರೆ. ಹೊರಡುವ ಮುಂಚೆ ಆ ವರ್ಷದ ಟೈಮ್‌ಟೇಬಲ್ ನೋಡಿಕೊಳ್ಳಿ.

ನ್ಯಾಶುವಾ ಕಡೆ ಇರುವವರಿಗೆ ಹೆನಿಕರ್‌ನ ಪ್ಯಾಟ್ಸ್ ಪೀಕ್ ಇನ್ನೂ ಒಳ್ಳೆಯದು. 1963ರಲ್ಲಿ ಶುರುವಾದದ್ದು, 770 ಅಡಿ ಇಳಿತ. ಮ್ಯಾಂಚೆಸ್ಟರ್ ಊರೊಳಗೆ ಮೆಕಿಂಟೈರ್ ಅಂತ ಇನ್ನೊಂದು ಪುಟ್ಟ ಗುಡ್ಡ ಇದೆ. ಹೇವರಿಲ್ ಹತ್ತಿರದವರಿಗೆ ಬ್ರಾಡ್‌ಫರ್ಡ್. ಮನೆಗೆ ಯಾವುದು ಹತ್ತಿರವೋ ಅದೇ ನಿಮ್ಮ ಗುಡ್ಡ.

ಯಾವಾಗ ಹೋಗಬೇಕು?

ಜನವರಿ ಎರಡನೇ ವಾರದಿಂದ ಮಾರ್ಚ್ ಮೊದಲ ವಾರದವರೆಗೆ. "ನಮ್ಮ ಅಂಗಳದಲ್ಲಿ ಹುಲ್ಲು ಕಾಣ್ತಿದೆ, ಅಲ್ಲೇನು ಹಿಮ ಇರುತ್ತೆ" ಅನ್ನಬೇಡಿ. ಇಲ್ಲಿನ ಸಣ್ಣ ಗುಡ್ಡಗಳು ಬದುಕಿರುವುದೇ ತಾವೇ ಮಾಡಿಕೊಂಡ ಹಿಮದಿಂದ. ರಾತ್ರಿ ಚಳಿ 28 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸೊನ್ನೆಗಿಂತ ಎರಡು ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿದರೆ ಯಂತ್ರಗಳು ನೀರನ್ನು ಸಣ್ಣ ಹನಿ ಮಾಡಿ ಗಾಳಿಗೆ ಚಿಮ್ಮಿಸುತ್ತವೆ. ಹನಿ ಕೆಳಗೆ ಬೀಳುವಷ್ಟರಲ್ಲಿ ಹಿಮ. ಗಾಳಿ ಒಣಗಿದ್ದಷ್ಟೂ ಕೆಲಸ ಸಲೀಸು. ಹೀಗಾಗಿ ನೀವು ನೋಡಬೇಕಾದದ್ದು ಹಿಮ ಬಿತ್ತಾ ಎಂದಲ್ಲ, ಹಿಂದಿನ ವಾರ ರಾತ್ರಿ ಚಳಿ ಇತ್ತಾ ಎಂದು.

ಒಂದು ಎಚ್ಚರ. ಶುಕ್ರವಾರ ಮಳೆ ಬಂದು ರಾತ್ರಿ ಹೆಪ್ಪುಗಟ್ಟಿದರೆ ಶನಿವಾರ ಬೆಳಗ್ಗೆ ಗುಡ್ಡ ಗಾಜಿನ ಹಾಗಿರುತ್ತದೆ. ಕಲಿಯುವವರಿಗೆ ಅದು ಬೇಡ. ತಾರೀಖು ಬದಲಾಯಿಸಲು ಆಗುವುದಿದ್ದರೆ ಬದಲಾಯಿಸಿ.

ಮಾರ್ಟಿನ್ ಲೂಥರ್ ಕಿಂಗ್ ದಿನದ ವಾರಾಂತ್ಯ ಬೇಡ. ಫೆಬ್ರವರಿಯ ಶಾಲೆ ರಜಾ ವಾರವೂ ಬೇಡ, ಜಾತ್ರೆ. ಸೂಪರ್ ಬೌಲ್ ಭಾನುವಾರ ಮಧ್ಯಾಹ್ನ ಮಾತ್ರ ಜನ ಬೇಗ ಮನೆಗೆ ಹೊರಡುತ್ತಾರೆ. ಫುಟ್‌ಬಾಲ್ ಹುಚ್ಚು ಇಲ್ಲದ ನಮ್ಮಂಥವರಿಗೆ ಅದು ಹಬ್ಬ.

ಎರಡು ವಾರ ಮುಂಚೆ: ಬುಕಿಂಗ್

ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತೆಗೆದುಕೊಳ್ಳಿ. ಕೌಂಟರಿನಲ್ಲಿ ಸಾಮಾನ್ಯವಾಗಿ ಜಾಸ್ತಿ, ತುಂಬಿದ ದಿನ ಸಿಗದೇ ಇರಲೂಬಹುದು. ಬಿಡಿಬಿಡಿಯಾಗಿ ಕೊಳ್ಳಬೇಡಿ. ಹೊಸಬರಿಗೆಂದೇ ಪಾಠ, ಬಾಡಿಗೆ ಸ್ಕೀ, ಗುಡ್ಡದ ಕೆಳಭಾಗದಲ್ಲಿ ಮೇಲಕ್ಕೆ ಒಯ್ಯುವ ಲಿಫ್ಟಿನ ಟಿಕೆಟ್ ಮೂರೂ ಸೇರಿದ ಪ್ಯಾಕೇಜ್ ಇರುತ್ತದೆ. ಇಡೀ ಬೆಟ್ಟದ ಟಿಕೆಟ್ ಮೊದಲ ದಿನ ಯಾರಿಗೂ ಬೇಡ.

ಪಾಠ ಮಕ್ಕಳಿಗೆ ಮಾತ್ರ ಸಾಕು ಎಂದುಕೊಳ್ಳಬೇಡಿ. ಅಪ್ಪ ಅಮ್ಮನಿಗೂ ಹಾಕಿಸಿ, ಅದೇ ಹೊತ್ತಿಗೆ. ಯೂಟ್ಯೂಬ್ ನೋಡಿ ಕಲಿತು ಬಂದ ಗಂಡ ಹೆಂಡತಿಗೆ ಕಲಿಸುವುದನ್ನು ಪ್ರತಿ ವಾರವೂ ನೋಡುತ್ತೇನೆ. ಕೊನೆಗೆ ಇಬ್ಬರೂ ಬೇರೆ ಬೇರೆ ಟೇಬಲ್‌ನಲ್ಲಿ ಕೂತು ಊಟ ಮಾಡುತ್ತಿರುತ್ತಾರೆ.

ನಾಲ್ಕು, ಐದನೇ ಕ್ಲಾಸಿನ ಮಕ್ಕಳಿದ್ದರೆ ಒಂದು ಲಾಭ. ಆ ಕ್ಲಾಸಿನವರಿಗೆಂದೇ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಒಂದು ಸ್ಕೀ ಪಾಸ್‌ಪೋರ್ಟ್ ಇದೆ. ಸ್ವಲ್ಪ ದುಡ್ಡಿಗೆ ಒಂದೇ ಪಾಸಿನಲ್ಲಿ ಹಲವು ಗುಡ್ಡಗಳು. ವರ್ಮಾಂಟ್‌ನಲ್ಲಿ ಐದನೇ ಕ್ಲಾಸಿಗೆ ಇಂಥದ್ದೇ ಇದೆ. ಬೇರೆ ರಾಜ್ಯದ ಮಕ್ಕಳಿಗೂ ಕೊಡುತ್ತಾರೆ.

ಬಾಡಿಗೆ ಫಾರ್ಮು ಮನೆಯಲ್ಲೇ ತುಂಬಿ. ಎತ್ತರ, ತೂಕ, ವಯಸ್ಸು, ಶೂ ಸೈಜು, ಎಷ್ಟು ಬರುತ್ತದೆ ಎಂದು ಕೇಳುತ್ತಾರೆ. ತೂಕ ನಿಜ ಹೇಳಿ! ಬಿದ್ದಾಗ ಬೂಟು ಸ್ಕೀಯಿಂದ ಕಳಚಿಕೊಳ್ಳಲು ಎಷ್ಟು ಬಲ ಬೇಕು ಎನ್ನುವುದನ್ನು ಇದೆಲ್ಲ ನೋಡಿಯೇ, ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ನಲ್ಲಿ ತಿರುಪುತ್ತಾರೆ. ಹತ್ತು ಕಿಲೋ ಸುಳ್ಳು ಹೇಳಿದರೆ ಸ್ಕೀ ಸುಮ್ನೆ ನಿಂತಲ್ಲೇ ಕಳಚುತ್ತದೆ. ಜಂಬಕ್ಕೆ "ನನಗೆ ಚೆನ್ನಾಗಿ ಬರುತ್ತೆ" ಎಂದು ಬರೆದರೆ ಕಳಚಬೇಕಾದಾಗ ಕಳಚುವುದಿಲ್ಲ, ಮಂಡಿ ತಿರುಚುತ್ತದೆ.

ಸ್ಕೀ ಎಷ್ಟುದ್ದ? ಮಕ್ಕಳಿಗೆ ಎದೆಯಿಂದ ಗಲ್ಲದವರೆಗೆ, ದೊಡ್ಡವರಿಗೆ ಗಲ್ಲದ ಆಸುಪಾಸು. ಗಿಡ್ಡವಿದ್ದರೆ ತಿರುಗುವುದು ಸುಲಭ. ಮಕ್ಕಳಿಗೆ ಇಷ್ಟವಾದರೆ ಮುಂದಿನ ವರ್ಷ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸ್ಕೀ ಅಂಗಡಿಯಲ್ಲಿ ಇಡೀ ಸೀಸನ್ನಿಗೆ ಬಾಡಿಗೆ ಹಿಡಿಯಿರಿ. ಈಗಲೇ ಏನನ್ನೂ ಕೊಳ್ಳಬೇಡಿ.

ಬೂಟಿನ ಪುರಾಣ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮೊದಲ ದಿನ ಅಳುವ ಮಕ್ಕಳಲ್ಲಿ ಜಾಸ್ತಿ ಜನ ಅಳುವುದು ಬಿದ್ದದ್ದಕ್ಕಲ್ಲ, ಬೂಟಿಗೆ.

ನನ್ನದೇ ಕಥೆ ಹೇಳುತ್ತೇನೆ. ಮೊದಲ ಸಲ ಹೋದಾಗ ಚಳಿಗೆ ಹೆದರಿ ಎರಡು ಜೊತೆ ಉಣ್ಣೆ ಕಾಲುಚೀಲ ಹಾಕಿದ್ದೆ. ಬಾಡಿಗೆ ಕೊಟ್ಟ ಹುಡುಗ ಕೆಳಗೆ ಕೂತು ಬಕಲ್ ಎಳೆದು ಬಿಗಿದ. ನಿಂತೆ. ಎಡಗಾಲಿನ ಎರಡನೇ ಬೆರಳಲ್ಲಿ ಚುಚ್ಚಿದ ಹಾಗಾಯಿತು. ಬೂಟೇ ಹೀಗಿರಬೇಕು ಎಂದುಕೊಂಡು ಅರ್ಧ ಗಂಟೆ ತಡೆದೆ. ಆಮೇಲೆ ಲಾಡ್ಜಿನ ಬೆಂಚಿನ ಮೇಲೆ ಕೂತು ಬಿಚ್ಚಿ ನೋಡಿದರೆ ಕಾಲುಂಗುರ! ಬೆರಳಿನ ಸುತ್ತ ಕೆಂಪು ಗೆರೆ ಬಿದ್ದು ಊದಿಕೊಂಡಿತ್ತು. ತೆಗೆಯೋಣವೆಂದರೆ ಬರುತ್ತಿಲ್ಲ. ಕೊನೆಗೆ ಡಬ್ಬಿಯಲ್ಲಿದ್ದ ತುಪ್ಪ ಸವರಿ ತೆಗೆದದ್ದಾಯಿತು. ಅಷ್ಟರಲ್ಲಿ ಮಗಳು ಬಂದು "ಅಮ್ಮಾ, ನಂಗೂ ಕಾಲು ನೋಯ್ತಿದೆ" ಅಂದಳು. ಅವಳ ಬೂಟೊಳಗೆ ಅಜ್ಜಿ ಕೊಡಿಸಿದ ಬೆಳ್ಳಿ ಕಾಲ್ಗೆಜ್ಜೆ.

ಇದನ್ನು ಇಲ್ಲಿನ ಯಾವ ಅಂಗಡಿಯವರೂ ನಿಮಗೆ ಹೇಳುವುದಿಲ್ಲ, ಅವರಿಗೆ ಗೊತ್ತೂ ಇಲ್ಲ. ಕಾಲುಂಗುರ, ಕಾಲ್ಗೆಜ್ಜೆ ಹಿಂದಿನ ರಾತ್ರಿಯೇ ತೆಗೆಯಿರಿ. ಕಾಲುಗುರು ಕತ್ತರಿಸಿ.

ಕಾಲುಚೀಲ ಒಂದೇ ಜೊತೆ. ತೆಳ್ಳಗಿರಬೇಕು, ಮೊಣಕಾಲ ತನಕ ಬರಬೇಕು, ಹತ್ತಿಯದ್ದು ಬೇಡ. ದಪ್ಪ ಹಾಕಿದಷ್ಟೂ ಬೂಟು ಬಿಗಿದು ರಕ್ತ ಓಡುವುದಿಲ್ಲ, ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಥರ್ಮಲ್ ಪ್ಯಾಂಟಿನ ತುದಿ ಬೂಟೊಳಗೆ ಹೋಗಬಾರದು, ಮೇಲಕ್ಕೆ ಮಡಿಸಿ. ಒಳಗೆ ಕಾಲುಚೀಲ ಮಾತ್ರ, ಅದೂ ಒಂದು ಸುಕ್ಕಿಲ್ಲದೆ.

ಬೂಟಿನ ಸೈಜು ಪಾದದ ಉದ್ದ, ಸೆಂಟಿಮೀಟರಿನಲ್ಲಿ. ಗೋಡೆಗೆ ಹಿಮ್ಮಡಿ ಒತ್ತಿ ನಿಲ್ಲಿಸಿ ಅಳೆಯಿರಿ. 21 ಸೆಂಟಿಮೀಟರ್ ಬಂದರೆ 21ರ ಬೂಟು ಕೇಳಿ. "ಮುಂದಿನ ವರ್ಷಕ್ಕೂ ಆಗ್ಲಿ" ಎಂದು ಒಂದು ಸೈಜು ದೊಡ್ಡದು ತೆಗೆದುಕೊಳ್ಳುವ ನಮ್ಮ ಹಳೇ ಬುದ್ಧಿ ಇಲ್ಲಿ ನಡೆಯುವುದಿಲ್ಲ.

ಹಾಕುವ ಕ್ರಮ ಹೀಗೆ. ಬಕಲ್ ಎಲ್ಲ ಬಿಚ್ಚಿ, ನಾಲಿಗೆಯನ್ನು ಮುಂದಕ್ಕೆ ಎಳೆದು ಕಾಲು ತೂರಿಸಿ. ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ, ಪಾದ ಹಿಂದಕ್ಕೆ ಕೂರಲಿ. ಮೊದಲು ಕಾಲಿನ ಗಿಣ್ಣಿನ ಹತ್ತಿರದ ಬಕಲ್, ಆಮೇಲೆ ಮೇಲಿನದು, ಕೊನೆಗೆ ಬೆರಳ ಮೇಲಿನವು, ಅವು ಸಡಿಲವಾಗಿ. ನೆಟ್ಟಗೆ ನಿಂತರೆ ಬೆರಳ ತುದಿ ಮುಂದೆ ತಾಗಬೇಕು. ಮಂಡಿ ಬಗ್ಗಿಸಿದರೆ ಬೆರಳು ಹಿಂದೆ ಸರಿಯಬೇಕು. ಹಿಮ್ಮಡಿ ಎದ್ದರೆ ಬೂಟು ದೊಡ್ಡದು. ನಾಚಿಕೆ ಬಿಟ್ಟು ವಾಪಸ್ ಕೊಡಿ, ಬೇಕಾದರೆ ಎರಡು ಸಲ.

ಬಟ್ಟೆ

ಮೈಗೆ ಅಂಟಿದ್ದು ಉಣ್ಣೆಯ ಅಥವಾ ಪಾಲಿಯೆಸ್ಟರ್ ಥರ್ಮಲ್, ಮೇಲೆ ಫ್ಲೀಸ್, ಅದರ ಮೇಲೆ ನೀರು ಹಿಡಿಯದ ಜಾಕೆಟ್, ಪ್ಯಾಂಟ್. ಜೀನ್ಸ್ ಹಾಕಿದರೆ ಎರಡನೇ ಸಲ ಬೀಳುವಷ್ಟರಲ್ಲಿ ಒದ್ದೆ. ಮಕ್ಕಳಿಗೆ ಐದು ಬೆರಳ ಗ್ಲೌಸ್‌ಗಿಂತ ಮಿಟನ್ ಬೆಚ್ಚಗೆ, ಹಾಕಿಸುವುದೂ ಸಲೀಸು. ಎರಡು ಜೊತೆ ಇಟ್ಟುಕೊಳ್ಳಿ. ಹೆಲ್ಮೆಟ್ ಎಲ್ಲರಿಗೂ ಬೇಕು, ಅಪ್ಪನಿಗೂ. ಅದರೊಳಗೆ ಉಣ್ಣೆ ಟೋಪಿ ತುರುಕಬೇಡಿ, ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ. ಉದ್ದ ಮಫ್ಲರ್ ಬೇಡವೇ ಬೇಡ, ಲಿಫ್ಟಿಗೆ ಸಿಕ್ಕಿಕೊಳ್ಳುತ್ತದೆ. ಕತ್ತಿಗೆ ಕೊಳವೆಯ ಹಾಗಿರುವ ನೆಕ್ ವಾರ್ಮರ್ ಸಾಕು. ಹೆಣ್ಣುಮಕ್ಕಳ ಜಡೆ ಜಾಕೆಟ್ ಒಳಗಿರಲಿ.

ಸ್ನೋ ಪ್ಯಾಂಟನ್ನು ಗೆಳೆಯರ ಮನೆಯಿಂದ ಕೇಳಿ ತನ್ನಿ. ಮಕ್ಕಳು ಬೆಳೆದು ಚಿಕ್ಕದಾದ ಪ್ಯಾಂಟು ಪ್ರತಿ ಮನೆಯ ಬೇಸ್‌ಮೆಂಟಿನಲ್ಲೂ ಇರುತ್ತದೆ.

ಊಟದ ಬ್ಯಾಗು

ಮನೆಯ ಡಬ್ಬಿ ತಂದು ತಿನ್ನಲು ಸಣ್ಣ ಗುಡ್ಡಗಳ ಲಾಡ್ಜಿನಲ್ಲಿ ಸಾಮಾನ್ಯವಾಗಿ ಬಿಡುತ್ತಾರೆ, ಒಮ್ಮೆ ಕೇಳಿಕೊಳ್ಳಿ. ಚಪಾತಿಗೆ ಆಲೂಗಡ್ಡೆ ಪಲ್ಯ ಸುತ್ತಿ ಫಾಯಿಲ್‌ನಲ್ಲಿ ಕಟ್ಟಿದರೆ ಗ್ಲೌಸ್ ಅರ್ಧ ತೆಗೆದೂ ತಿನ್ನಬಹುದು. ಫ್ಲಾಸ್ಕಿನಲ್ಲಿ ಬಿಸಿಬೇಳೆಬಾತ್, ಇನ್ನೊಂದರಲ್ಲಿ ತಿಳಿಸಾರು. ಫ್ಲಾಸ್ಕಿಗೆ ಮೊದಲು ಕುದಿಯುವ ನೀರು ಹಾಕಿ ಹತ್ತು ನಿಮಿಷ ಬಿಟ್ಟು, ಚೆಲ್ಲಿ, ಆಮೇಲೆ ಅನ್ನ ತುಂಬಿ. ಮಧ್ಯಾಹ್ನದವರೆಗೂ ಹಬೆ ಆಡುತ್ತದೆ. ಮೊಸರನ್ನ ಆ ದಿನ ಬೇಡ. ಜೇಬಿನಲ್ಲಿ ಎರಡು ಕಡಲೆ ಚಿಕ್ಕಿ ಇರಲಿ.

ಊರಿನಿಂದ ಅತ್ತೆ ಮಾವ ಬಂದಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ನಮ್ಮತ್ತೆ ಸೀರೆ ಮೇಲೆ ದಪ್ಪ ಜಾಕೆಟ್ ಹಾಕಿಕೊಂಡು ಕಿಟಕಿ ಪಕ್ಕದ ಟೇಬಲ್ ಹಿಡಿದರೆ ಸಂಜೆಯವರೆಗೆ ಅದು ನಮ್ಮದೇ. ಬ್ಯಾಗು, ಶೂ, ಡಬ್ಬಿ ಎಲ್ಲಕ್ಕೂ ಕಾವಲು. ಟೇಬಲ್ ಹಿಡಿಯುವವರಿಲ್ಲದ ಸಂಸಾರದವರು ನೆಲದ ಮೇಲೆ ಕೂತು ಬೂಟು ಹಾಕುತ್ತಿರುತ್ತಾರೆ.

ಶನಿವಾರ

ಬೂಟುಗಳು ನಿಮ್ಮ ಹತ್ತಿರವೇ ಇದ್ದರೆ ಡಿಕ್ಕಿಯಲ್ಲಿಡಬೇಡಿ, ಕಾರೊಳಗೆ ಬೆಚ್ಚಗಿರಲಿ. ತಣ್ಣಗಾದ ಪ್ಲಾಸ್ಟಿಕ್ ಕಲ್ಲಿನ ಹಾಗಾಗುತ್ತದೆ, ಕಾಲು ಒಳಗೆ ಹೋಗುವುದೇ ಇಲ್ಲ. ವೈಪರಿಗೆ ಚಳಿಗಾಲದ ನೀಲಿ ದ್ರವ ತುಂಬಿರಲಿ. ಗುಡ್ಡ ತೆರೆಯುವ ಮುಕ್ಕಾಲು ಗಂಟೆ ಮುಂಚೆ ತಲುಪಿ. ಎಲ್ಲರನ್ನೂ ಸಾಮಾನಿನ ಜೊತೆ ಲಾಡ್ಜ್ ಬಾಗಿಲಲ್ಲಿ ಇಳಿಸಿ ಆಮೇಲೆ ಪಾರ್ಕ್ ಮಾಡಿ. ಬೂಟು ಹಾಕುವ ಮುಂಚೆ ಎಲ್ಲರೂ ಬಾತ್‌ರೂಮಿಗೆ! ಇದು ಸಲಹೆಯಲ್ಲ, ಆಜ್ಞೆ.

ಬೂಟಿನಲ್ಲಿ ನಡೆಯುವಾಗ ಹಿಮ್ಮಡಿ ಮೊದಲು ಊರಿ. ಹಿಮಕ್ಕೆ ಬಂದ ಮೇಲೆ ಬೂಟಿನಡಿ ಅಂಟಿದ ಹಿಮ ಕೆರೆದು ತೆಗೆಯಿರಿ, ಇಲ್ಲದಿದ್ದರೆ ಬೈಂಡಿಂಗ್ ಹಿಡಿಯುವುದಿಲ್ಲ. ಮುಂಗಾಲು ಮೊದಲು ತೂರಿಸಿ, ಆಮೇಲೆ ಹಿಮ್ಮಡಿ ಒತ್ತಿ. ಟಪ್ ಅಂತ ಶಬ್ದ ಬರಬೇಕು.

ಮೊದಲ ಹದಿನೈದು ನಿಮಿಷ ಸಮತಟ್ಟಾದ ಜಾಗ. ಒಂದೇ ಸ್ಕೀ ಹಾಕಿ ಇನ್ನೊಂದು ಕಾಲಿನಿಂದ ತಳ್ಳಿಕೊಂಡು ಜಾರಿ, ಸ್ಕೂಟರ್ ಬಿಟ್ಟ ಹಾಗೆ. ಆಮೇಲೆ ಇನ್ನೊಂದು ಕಾಲು. ಮಕ್ಕಳಿಗೆ ಆ ದಿನ ಕೈಯಲ್ಲಿ ಹಿಡಿಯುವ ಸ್ಕೀ ಕೋಲು ಕೊಡಬೇಡಿ. ಕತ್ತಿವರಸೆ ಶುರುವಾಗುತ್ತದೆ.

ನಿಲ್ಲಿಸುವುದು ಹೇಗೆ? ಸ್ಕೀಗಳ ಮುಂತುದಿ ಹತ್ತಿರ ತಂದು ಹಿಂತುದಿ ಅಗಲಿಸಿ. ಒಳಅಂಚು ಹಿಮವನ್ನು ಒತ್ತಿ ವೇಗ ಇಳಿಯುತ್ತದೆ. ಇಲ್ಲಿನ ಮೇಷ್ಟ್ರುಗಳು ಮಕ್ಕಳಿಗೆ ಇದನ್ನು "ಪಿಜ್ಜಾ" ಎಂದು ಕಲಿಸುತ್ತಾರೆ. ಎರಡೂ ಸ್ಕೀ ನೇರ ಇದ್ದರೆ "ಫ್ರೆಂಚ್ ಫ್ರೈಸ್". ನಮ್ಮತ್ತೆ ಇದನ್ನು ಎರಡೇ ದಿನದಲ್ಲಿ ಕಲಿತರು. ಕಿಟಕಿ ಬಿಟ್ಟು ಹೊರಗೆ ಬಂದು "ಪಿಜ್ಜಾ ಮಾಡೇ ಪುಟ್ಟಿ, ಪಿಜ್ಜಾ!" ಎಂದು ಕೂಗುತ್ತಿದ್ದರು. ಪಕ್ಕದಲ್ಲಿದ್ದವರು ಊಟಕ್ಕೆ ಕರೆಯುತ್ತಿದ್ದಾರೆ ಅಂದುಕೊಂಡಿರಬೇಕು.

ಬೀಳುವುದನ್ನೂ ಕಲಿಯಿರಿ. ತಪ್ಪಿಸಿಕೊಳ್ಳಲು ಆಗದಿದ್ದರೆ ಪಕ್ಕಕ್ಕೆ, ಸೊಂಟದ ಮೇಲೆ ಕೂತ ಹಾಗೆ ಬೀಳಿ. ಏಳುವಾಗ ಸ್ಕೀಗಳನ್ನು ಇಳಿಜಾರಿಗೆ ಅಡ್ಡ ಇಟ್ಟುಕೊಳ್ಳಿ. ನೇರ ಇಟ್ಟು ಎದ್ದರೆ ನೀವು ಏಳುವ ಮೊದಲೇ ಸ್ಕೀ ಹೊರಟಿರುತ್ತದೆ.

ಮೇಲೆ ಹೋಗಲು ಮೊದಲಿಗೆ ಮ್ಯಾಜಿಕ್ ಕಾರ್ಪೆಟ್. ವಿಮಾನ ನಿಲ್ದಾಣದಲ್ಲಿ ಲಗೇಜ್ ಬರುವ ಬೆಲ್ಟ್ ಇದ್ದ ಹಾಗೆ, ನಿಂತರೆ ಸಾಕು. ಹಳೆ ಗುಡ್ಡಗಳಲ್ಲಿ ಹಗ್ಗ ಹಿಡಿದು ಮೇಲೆ ಹೋಗುವುದೂ ಇದೆ. ಅಮೆರಿಕದ ಮೊದಲ ಹಗ್ಗದ ಲಿಫ್ಟ್ ಹಾಕಿದ್ದು 1934ರಲ್ಲಿ, ವರ್ಮಾಂಟ್‌ನ ವುಡ್‌ಸ್ಟಾಕ್‌ನಲ್ಲಿ, ಒಂದು ಹೊಲದ ದಿಬ್ಬದ ಮೇಲೆ. ಎಳೆಯುತ್ತಿದ್ದದ್ದು ಹಳೇ ಫೋರ್ಡ್ ಮಾಡೆಲ್ ಟಿ ಕಾರಿನ ಎಂಜಿನ್. ನಮ್ಮ ಕಡೆ ಹಳೇ ಎಂಜಿನ್ನಿಗೆ ಪಂಪ್ ಕಟ್ಟಿ ನೀರೆತ್ತುತ್ತಿದ್ದ ಹಾಗೇ ಅಲ್ವಾ?

ಮುಕ್ಕಾಲು ಗಂಟೆಗೊಮ್ಮೆ ಒಳಗೆ ಕರೆದುಕೊಂಡು ಬನ್ನಿ. ಮೂಗಿನ ತುದಿ, ಕೆನ್ನೆ, ಕಿವಿ ನೋಡಿ. ಚರ್ಮ ಪೇಲವವಾಗಿ ಮರಗಟ್ಟಿದ್ದರೆ ತಕ್ಷಣ ಒಳಗೆ. ಉಜ್ಜಬೇಡಿ, ಬೆಚ್ಚನೆ ಕೈ ಇಡಿ ಸಾಕು.

ಮಧ್ಯಾಹ್ನ ಎರಡಕ್ಕೆ ನಿಲ್ಲಿಸಿ. ಮಗು "ಇನ್ನೊಂದೇ ಒಂದು ಸಲ" ಎನ್ನುತ್ತಿರುವಾಗಲೇ ನಿಲ್ಲಿಸಿ. ಟಿಕೆಟ್ಟಿಗೆ ಕೊಟ್ಟ ದುಡ್ಡು ವಸೂಲಾಗಲಿ ಎಂದು ನಾಲ್ಕರವರೆಗೆ ಎಳೆದದ್ದು ನಮ್ಮ ಮೊದಲ ವರ್ಷದ ದೊಡ್ಡ ತಪ್ಪು. ಮಗ ಕಾರಿನವರೆಗೂ ಅತ್ತುಕೊಂಡು ಬಂದ, ಮರುದಿನ ಹಾಸಿಗೆಯಿಂದಲೇ ಏಳಲಿಲ್ಲ. ಭಾನುವಾರದ ಟಿಕೆಟ್ ಪೂರ್ತಿ ನೀರಿಗೆ ಹೋಯಿತು.

ಭಾನುವಾರ, ಮತ್ತು ತೂಗುವ ಕುರ್ಚಿ

ಎರಡನೇ ದಿನ ಬೆಳಗ್ಗೆ ಬೇಗ ಹೋಗಿ, ರಷ್ ಕಡಿಮೆ. ಮೊದಲು ಕಾರ್ಪೆಟ್ ಮೇಲೆ ಎರಡು ಸುತ್ತು. ಬೇಕಾದಲ್ಲಿ ನಿಲ್ಲಿಸಲು, ಎಡಕ್ಕೂ ಬಲಕ್ಕೂ ತಿರುಗಲು ಬಂದರೆ ಮಾತ್ರ ಚೇರ್‌ಲಿಫ್ಟ್. ಬರದಿದ್ದರೆ ಇನ್ನೊಂದು ಪಾಠ ತೆಗೆದುಕೊಳ್ಳಿ, ಅವಮಾನವೇನಿಲ್ಲ.

ಲಿಫ್ಟಿನ ಹತ್ತಿರ ನಿಂತವರಿಗೆ "ಮೊದಲನೇ ಸಲ" ಎಂದು ಹೇಳಿ. ಕುರ್ಚಿ ನಿಧಾನ ಮಾಡುತ್ತಾರೆ, ಮಗುವನ್ನು ಹತ್ತಿಸಲು ಸಹಾಯ ಮಾಡುತ್ತಾರೆ. ಕೋಲು ಒಂದೇ ಕೈಯಲ್ಲಿ ಹಿಡಿದು, ಹಿಂದೆ ತಿರುಗಿ ಕುರ್ಚಿ ನೋಡುತ್ತಾ, ಮಂಡಿಗೆ ತಾಗಿದಾಗ ಕೂತುಬಿಡಿ. ಪೂರ್ತಿ ಹಿಂದೆ ಸರಿದು ಕೂತು ತಡೆಗಂಬಿ ಕೆಳಗಿಳಿಸಿ. ಮೇಲೆ ಬರುವಾಗ ಬೋರ್ಡು ನೋಡಿ ಕಂಬಿ ಎತ್ತಿ, ಸ್ಕೀ ತುದಿ ಮೇಲಕ್ಕೆ ಮಾಡಿ, ನೆಲ ಸಿಕ್ಕಾಗ ಎದ್ದು ನೇರ ಮುಂದೆ ಜಾರಿ. ಇಳಿದಲ್ಲೇ ನಿಂತು ಗಂಡನಿಗೆ ಕಾಯಬೇಡಿ. ಹಿಂದಿನ ಕುರ್ಚಿಯವರು ಬಂದು ಗುದ್ದುತ್ತಾರೆ.

ದಾರಿಯ ಬೋರ್ಡುಗಳಲ್ಲಿ ಹಸಿರು ವೃತ್ತ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಷ್ಟ. ಈ ವಾರಾಂತ್ಯಕ್ಕೆ ಹಸಿರು ಬಿಟ್ಟು ಕದಲಬೇಡಿ. ಈ ಬಣ್ಣಗಳು ಆಯಾ ಗುಡ್ಡದೊಳಗಿನ ಹೋಲಿಕೆ ಮಾತ್ರ. ನಶೋಬಾದ ನೀಲಿ ಇಳಿದವರು ದೊಡ್ಡ ಬೆಟ್ಟದ ನೀಲಿಯೂ ಹಾಗೇ ಇರುತ್ತದೆ ಅಂದುಕೊಂಡರೆ ಕೆಟ್ಟರು.

ರಸ್ತೆಯ ನಿಯಮದ ಹಾಗೆ ಇಲ್ಲೂ ನಿಯಮವಿದೆ. ನಿಮಗಿಂತ ಕೆಳಗಿರುವವರಿಗೆ ದಾರಿ ಬಿಡಬೇಕಾದವರು ನೀವು. ಅವರಿಗೆ ನೀವು ಕಾಣುವುದಿಲ್ಲವಲ್ಲ. ನಿಲ್ಲುವುದಿದ್ದರೆ ಪಕ್ಕದಲ್ಲಿ, ಮೇಲಿನವರಿಗೆ ಕಾಣುವ ಹಾಗೆ. ಮೊದಲ ರನ್ನಿನಲ್ಲಿ ಮಗು ಮುಂದೆ, ದೊಡ್ಡವರು ಹಿಂದೆ. ಅಡ್ಡಡ್ಡ ಹಾವಿನ ಹಾಗೆ ಇಳಿಯಿರಿ. ಅಪ್ಪನಿಗಿಂತ ಮಗು ಬೇಗ ಕಲಿತಿರುತ್ತದೆ, ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಊಟಕ್ಕೆ ಒಳಗೆ ಹೋಗುವಾಗ ನಿಮ್ಮ ಒಂದು ಸ್ಕೀ ಮತ್ತು ಮಗಳ ಒಂದು ಸ್ಕೀ ಜೋಡಿ ಮಾಡಿ ಒಂದು ಕಡೆ, ಉಳಿದವನ್ನು ಇನ್ನೊಂದು ಕಡೆ ಇಡಿ. ಬಾಡಿಗೆ ಸ್ಕೀಗಳೆಲ್ಲ ಒಂದೇ ಬಣ್ಣ, ಯಾರೋ ತಮ್ಮದೆಂದು ಎತ್ತಿಕೊಂಡು ಹೋಗಿಬಿಡುತ್ತಾರೆ.

ವಾಪಸ್ ಬಂದ ಮೇಲೆ

ಮನೆಗೆ ಬಂದ ತಕ್ಷಣ ಎಲ್ಲರೂ ಮಲಗಿಬಿಡಬೇಡಿ. ಮಿಟನ್, ಕಾಲುಚೀಲ, ನೆಕ್ ವಾರ್ಮರ್ ಒಣಗಲು ಹಾಕಿ. ಸೀಸನ್ ಬಾಡಿಗೆಯ ಬೂಟಿದ್ದರೆ ಒಳಗೆ ಹಳೇ ಪೇಪರ್ ತುರುಕಿ ಬೆಚ್ಚನೆ ಕೋಣೆಯಲ್ಲಿಡಿ, ಹೀಟರಿಗೆ ಒತ್ತಿ ಇಡಬೇಡಿ. ಫ್ಲಾಸ್ಕ್ ತೊಳೆದಿಡಿ, ಸೋಮವಾರ ಆ ಸಾರಿನ ವಾಸನೆ ಯಾರಿಗೂ ಬೇಡ. ದೊಡ್ಡವರಿಗೆ ತೊಡೆ ನೋವು ಬರುವುದು ಮರುದಿನ. ಬಿಸಿನೀರು ಸ್ನಾನ ಮಾಡಿ, ಆಫೀಸಿನಲ್ಲಿ ಮೆಟ್ಟಿಲು ಬಿಟ್ಟು ಲಿಫ್ಟಿನಲ್ಲಿ ಹೋಗಿ.

ಇನ್ನೊಂದು. ಕಾಲ್ಗೆಜ್ಜೆ ಹಿಂದಿನ ರಾತ್ರಿಯೇ ತೆಗೆಯಿರಿ ಎಂದು ಹೇಳಿದ್ದೆ. ಮರೆತು ಪಾರ್ಕಿಂಗ್ ಲಾಟಿನಲ್ಲಿ ತೆಗೆದಿದ್ದರೆ ಮನೆಯೆಲ್ಲ ಹುಡುಕಬೇಡಿ. ಕಾರಿನ ಕಪ್ ಹೋಲ್ಡರ್‌ನಲ್ಲಿ, ಚಿಕ್ಕಿ ಕವರಿನ ಕೆಳಗಿರುತ್ತದೆ.